ಕರಗುವ ಗೋಧಿ ನಾರು: ಒಂದು ಹೆಸರು, ಮೂರು ದ್ರವ್ಯಗಳು

ಬೆಂಗಳೂರಿನ ಸಂಜಯನಗರದ ಮುಖ್ಯರಸ್ತೆಯಲ್ಲಿ ಔಷಧದ ಅಂಗಡಿಗಳೂ ದಿನಸಿ ಅಂಗಡಿಗಳೂ ಹತ್ತಿರ ಹತ್ತಿರವೇ ಇವೆ. ಅಲ್ಲಿಂದ ತಂದ ಮೂರು ಪದಾರ್ಥಗಳನ್ನು ಈ ಲೇಖಕನು ಮೂರು ಲೋಟ ನೀರಿಗೆ ಒಂದೊಂದು ಚಮಚೆಯಂತೆ ಹಾಕಿ ಕಲಕಿ ನೋಡಿದ್ದುಂಟು. ಮೊದಲನೆಯದು, ಗೋಧಿಯಿಂದ ತಯಾರಾದ ಕರಗುವ ನಾರು ಎಂದು ಡಬ್ಬಿಯ ಮೇಲೆ ಮುದ್ರಿತವಾಗಿದ್ದ ಬಿಳಿಯ ಪುಡಿ. ಅದು ಸಕ್ಕರೆಯಂತೆ ಕರಗಿ ಕಾಣದಾಯಿತು. ನೀರು ಮಂದವಾಗಲಿಲ್ಲ, ಅಂಟಾಗಲಿಲ್ಲ, ನಾಲಗೆಗೆ ಅತ್ಯಲ್ಪವಾದ ಸಿಹಿಯಷ್ಟೇ ತೋರಿತು. ಎರಡನೆಯದು ಇಸಬ್‌ಗೋಲ್; ಅದು ಕೆಲವೇ ನಿಮಿಷಗಳಲ್ಲಿ ಉಬ್ಬಿ ಲೋಳೆಯಾಗಿ ಲೋಟವನ್ನೇ ತುಂಬಿತು. ಮೂರನೆಯದು ಗೋಧಿಯ ಬೂಸಾ. ಅದು ಸ್ವಲ್ಪ ಹೊತ್ತು ತೇಲಾಡಿ ತಳ ಸೇರಿತು. ಪೋಷಣಶಾಸ್ತ್ರದ ಪರಿಭಾಷೆಯಲ್ಲಿ ಈ ಮೂರೂ ‘ನಾರು’ಗಳೇ. ಇವುಗಳಲ್ಲಿ ಮೊದಲನೆಯದೂ ಮೂರನೆಯದೂ ಒಂದೇ ಧಾನ್ಯದಿಂದ ಬಂದವು. ಆದರೂ ರಚನೆಯಲ್ಲಾಗಲಿ, ದೇಹದಲ್ಲಿ ನಡೆಸುವ ಕಾರ್ಯದಲ್ಲಾಗಲಿ ಇವು ಒಂದಕ್ಕೊಂದು ಸಂಬಂಧಿಕರೆನ್ನುವುದು ಕಷ್ಟ. ಆರೋಗ್ಯಾಹಾರಗಳ ಹಾಗೂ ಪೂರಕಗಳ ಮಾರುಕಟ್ಟೆಯಲ್ಲಿ ‘ಗೋಧಿ ನಾರು’ ಎಂಬ ಹೆಸರು ಈಗ ಯಾವ ಯಾವ ದ್ರವ್ಯಗಳಿಗೆ ಸಲ್ಲುತ್ತಿದೆ, ಅವುಗಳ ಬಗೆಗೆ ಹೇಳಲಾಗುವ ಗುಣಗಳಲ್ಲಿ ಯಾವುದು ಯಾವುದಕ್ಕೆ ಸೇರಿದ್ದು ಎಂಬುದನ್ನು ಬಿಡಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಕನ್ನಡದ ‘ನಾರು’ ಎಂಬ ಪದವೇ ಇಲ್ಲಿ ಒಂದು ತೊಡಕನ್ನು ತರುತ್ತದೆ. ಬಾಳೆಯ ನಾರು, ತೆಂಗಿನ ನಾರು, ಹೂ ಕಟ್ಟುವ ನಾರು ಇವೆಲ್ಲ ಎಳೆಯಾಗಿ ಕಣ್ಣಿಗೆ ಕಾಣುವಂಥವು. ನೀರಿನಲ್ಲಿ ಕರಗುವ ನಾರು ಎಂದರೆ ಕೇಳುಗನಿಗೆ ವಿರೋಧಾಭಾಸವೆನಿಸುವುದು ಸಹಜ. ಇಂಗ್ಲಿಷಿನ ‘ಫೈಬರ್’ ಪದಕ್ಕೂ ಮೂಲತಃ ಇದೇ ಅರ್ಥವಿದ್ದು, ವಿಜ್ಞಾನವು ಅದನ್ನು ಹಿಗ್ಗಿಸಿಕೊಂಡಿತು. ಈ ಹಿಗ್ಗುವಿಕೆಯ ಚರಿತ್ರೆಯನ್ನು ತಿಳಿಯದಿದ್ದರೆ ಇಂದಿನ ಡಬ್ಬಿಯ ಮೇಲಿನ ಬರಹ ಅರ್ಥವಾಗುವುದಿಲ್ಲ.

ನಾರನ್ನು ಅಳೆಯುವ ಮೊದಲ ವಿಧಾನ ಹುಟ್ಟಿದ್ದು ಮನುಷ್ಯರ ಆಹಾರಕ್ಕಾಗಿ ಅಲ್ಲ, ದನಗಳ ಮೇವಿಗಾಗಿ. ಜರ್ಮನಿಯ ಗಾಟಿಂಗೆನ್ ಸಮೀಪದ ವೀಂಡೆ ಎಂಬಲ್ಲಿ 1860ರ ದಶಕದಲ್ಲಿ ಹೆನ್ನೆಬರ್ಗ್ ಮತ್ತು ಸ್ಟೋಮನ್ ಅವರು ರೂಪಿಸಿದ ಕ್ರಮದಲ್ಲಿ ಧಾನ್ಯವನ್ನು ಮೊದಲು ಸೌಮ್ಯ ಆಮ್ಲದಲ್ಲಿಯೂ ಅನಂತರ ಸೌಮ್ಯ ಕ್ಷಾರದಲ್ಲಿಯೂ ಕುದಿಸಿ, ಉಳಿದ ಶೇಷವನ್ನು ತೂಗಿ ‘ಕಚ್ಚಾ ನಾರು’ ಎಂದು ದಾಖಲಿಸುತ್ತಿದ್ದರು. ಈ ಕುದಿಸುವಿಕೆಯಲ್ಲಿ ಕರಗುವ ನಾರು ಬಹುಮಟ್ಟಿಗೆ ಕಳೆದುಹೋಗುತ್ತಿತ್ತು. ಕರಗದ ನಾರಿನಲ್ಲಿಯೂ ದೊಡ್ಡ ಪಾಲು ನಷ್ಟವಾಗುತ್ತಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ಪ್ರಕಟಿಸಿ, ನಮ್ಮ ವಿದ್ಯಾರ್ಥಿಗಳು ದಶಕಗಳ ಕಾಲ ಬಳಸಿದ ಗೋಪಾಲನ್ ಮತ್ತಿತರರ ಆಹಾರಮೌಲ್ಯ ಕೋಷ್ಟಕದಲ್ಲಿರುವ ಅಂಕಿಗಳು ಈ ಕಚ್ಚಾ ನಾರಿನವು. ಅದರ ಪ್ರಕಾರ 100 ಗ್ರಾಂ ರಾಗಿಯಲ್ಲಿ ನಾರು 3.6 ಗ್ರಾಂ, ಇಡೀ ಗೋಧಿಯ ಹಿಟ್ಟಿನಲ್ಲಿ 1.9 ಗ್ರಾಂ. ಅದೇ ಸಂಸ್ಥೆಯು 2017ರಲ್ಲಿ ಹೊಸ ವಿಧಾನದಿಂದ ಅಳೆದು ಪ್ರಕಟಿಸಿದ ಭಾರತೀಯ ಆಹಾರ ಸಂಯೋಜನೆಯ ಕೋಷ್ಟಕದಲ್ಲಿ ರಾಗಿಗೂ ಗೋಧಿ ಹಿಟ್ಟಿಗೂ ತಲಾ ಸುಮಾರು 11 ಗ್ರಾಂ ನಾರು ದೊರೆಯುತ್ತದೆ. ಧಾನ್ಯ ಬದಲಾಗಲಿಲ್ಲ, ಅಳತೆಗೋಲು ಬದಲಾಯಿತು. ರಾಗಿಯಲ್ಲಿ ಗೋಧಿಗಿಂತ ಎರಡು ಪಟ್ಟು ನಾರಿದೆ ಎಂದು ಇಂದಿಗೂ ಕೆಲವು ಲೇಖನಗಳಲ್ಲಿ ಕಾಣುವ ಮಾತು ಹಳೆಯ ಅಳತೆಯ ಪಳೆಯುಳಿಕೆ. ಮೈದಾದೊಡನೆ ಹೋಲಿಸಿದರೆ ಮಾತ್ರ ಇವೆರಡೂ ನಿಜವಾಗಿಯೂ ಬಹಳ ಮುಂದಿವೆ. ಮೈದಾದಲ್ಲಿರುವುದು 3 ಗ್ರಾಮಿಗೂ ಕಡಿಮೆ.

‘ಆಹಾರದ ನಾರು’ ಎಂಬ ನುಡಿಗಟ್ಟನ್ನು 1953ರಲ್ಲಿ ಹಿಪ್ಸ್‌ಲೀ ಮೊದಲಿಗೆ ಬಳಸಿದರು. ಅದಕ್ಕೆ ಖಚಿತವಾದ ಅರ್ಥ ಕೊಟ್ಟವರು ಪೂರ್ವ ಆಫ್ರಿಕದಲ್ಲಿ ದೀರ್ಘಕಾಲ ವೈದ್ಯರಾಗಿದ್ದ ಹ್ಯೂ ಟ್ರೊವೆಲ್. ಉಗಾಂಡದಲ್ಲಿ ಶಸ್ತ್ರವೈದ್ಯರಾಗಿದ್ದ ಡೆನಿಸ್ ಬರ್ಕಿಟ್ ಅವರೊಡನೆ ಅವರು, ಹಳ್ಳಿಯ ಆಫ್ರಿಕನ್ನರಲ್ಲಿ ಮಲಬದ್ಧತೆ, ದೊಡ್ಡ ಕರುಳಿನ ರೋಗಗಳು ವಿರಳವಾಗಿರುವುದನ್ನು ಗಮನಿಸಿ, ಅದಕ್ಕೆ ಅವರ ಆಹಾರದಲ್ಲಿನ ನಾರೇ ಕಾರಣವಿರಬಹುದೆಂದು ವಾದಿಸಿದರು. 1972ರಲ್ಲಿ ಟ್ರೊವೆಲ್ ನೀಡಿದ ಲಕ್ಷಣದಂತೆ ಮನುಷ್ಯನ ಜೀರ್ಣಕಿಣ್ವಗಳು ಒಡೆಯಲಾರದ ಸಸ್ಯ ಕೋಶಭಿತ್ತಿಯ ಶೇಷವೇ ಆಹಾರದ ನಾರು. ಈ ಲಕ್ಷಣದಲ್ಲಿ ‘ಕೋಶಭಿತ್ತಿ’ ಎಂಬ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ನಾಲ್ಕು ವರ್ಷಗಳ ಅನಂತರ ಟ್ರೊವೆಲ್ ಮತ್ತು ಸಂಗಡಿಗರೇ ಇದನ್ನು ವಿಸ್ತರಿಸಿ ಜೀರ್ಣವಾಗದ ಎಲ್ಲ ಸಸ್ಯ ಬಹುಶರ್ಕರಗಳನ್ನೂ ಲಿಗ್ನಿನ್ನನ್ನೂ ಒಳಗೊಳಿಸಿದರು. ರಚನೆಯನ್ನು ಹೇಳುತ್ತಿದ್ದ ಪದ ಹೀಗೆ ಕಾರ್ಯವನ್ನು ಹೇಳುವ ಪದವಾಯಿತು. ಮುಂದೆ ಪಿಷ್ಟವೂ ನಾರಾಗಲು ಬಾಗಿಲು ತೆರೆದದ್ದು ಇಲ್ಲಿಯೇ.

ಗೋಧಿಯ ಕಾಳಿನ ಒಳರಚನೆ

ಗೋಧಿಯ ಕಾಳಿನಲ್ಲಿ ಹೊರಪದರಗಳು ನೂರಕ್ಕೆ ಸುಮಾರು 14ರಿಂದ 15 ಪಾಲು, ಮೊಳಕೆಯ ಭಾಗ 3 ಪಾಲಿನಷ್ಟು, ಉಳಿದದ್ದು ಒಳಗಿನ ಪಿಷ್ಟಯುಕ್ತ ತಿರುಳು. ಹೊರಪದರವನ್ನು ಗಿರಣಿಯವರೂ ಹೈನುಗಾರರೂ ಬೂಸಾ ಎನ್ನುತ್ತಾರೆ. (1973ರಲ್ಲಿ ಬಸವಲಿಂಗಪ್ಪನವರ ಭಾಷಣದ ತರುವಾಯ ಈ ಪದಕ್ಕೆ ಕನ್ನಡದಲ್ಲಿ ಬೇರೊಂದು ಪ್ರಸಿದ್ಧಿಯೂ ಒದಗಿತು, ಗೋಧಿಯ ಬೂಸಾದ ಗೌರವವನ್ನು ಅದರಿಂದ ಅಳೆಯಬೇಕಾಗಿಲ್ಲ.) ಬೂಸಾದ ನಾರು ಬಹುಪಾಲು ಕರಗದ ಜಾತಿಯದು. ಅದು ನೀರನ್ನು ಹಿಡಿದಿಟ್ಟು ಮಲದ ಗಾತ್ರವನ್ನು ಹೆಚ್ಚಿಸುತ್ತದೆ, ಕರುಳಿನ ಚಲನೆಯನ್ನು ತ್ವರಿತಗೊಳಿಸುತ್ತದೆ. ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು ದಿನಕ್ಕೆ 10 ಗ್ರಾಂ ಬೂಸಾ ನಾರಿನ ಸೇವನೆಗೆ ಈ ಗುಣವನ್ನು 2010ರಲ್ಲಿ ಮಾನ್ಯ ಮಾಡಿದೆ.

ತಿರುಳಿನಲ್ಲಿಯೂ ನಾರುಂಟು. ಪಿಷ್ಟದ ಕಣಗಳನ್ನು ಹೊತ್ತ ಕೋಶಗಳ ತೆಳುವಾದ ಭಿತ್ತಿಗಳಲ್ಲಿ ಮುಕ್ಕಾಲು ಪಾಲಿಗೆ ಸಮೀಪ ಇರುವುದು ಅರಾಬಿನೋಕ್ಸೈಲಾನ್ ಎಂಬ ಬಹುಶರ್ಕರ. ಕ್ಸೈಲೋಸ್ ಘಟಕಗಳ ಉದ್ದನೆಯ ಬೆನ್ನೆಲುಬಿಗೆ ಅಲ್ಲಲ್ಲಿ ಅರಾಬಿನೋಸ್ ಘಟಕಗಳು ಕವಲಾಗಿ ಅಂಟಿಕೊಂಡಿರುವುದರಿಂದ ಇದಕ್ಕೆ ಈ ಹೆಸರು. ಹಳೆಯ ಗ್ರಂಥಗಳಲ್ಲಿ ಇದನ್ನು ಪೆಂಟೋಸಾನ್ ಎಂದು ಕರೆದಿದ್ದಾರೆ. ಇದರಲ್ಲಿ ಒಂದು ಭಾಗ ನೀರಿನಲ್ಲಿ ಕರಗುತ್ತದೆ. ಗೋಧಿ ಹಿಟ್ಟಿನ ತೂಕದಲ್ಲಿ ಕರಗುವ ಅರಾಬಿನೋಕ್ಸೈಲಾನ್ ನೂರಕ್ಕೆ ಅರ್ಧ ಪಾಲಿನ ಆಸುಪಾಸು ಮಾತ್ರ. ಪ್ರಮಾಣ ಚಿಕ್ಕದಾದರೂ ಪ್ರಭಾವ ದೊಡ್ಡದು: ತನ್ನ ತೂಕದ ಅನೇಕ ಪಟ್ಟು ನೀರನ್ನು ಹಿಡಿದುಕೊಂಡು ಹಿಟ್ಟಿನ ನಾದುವಿಕೆಯನ್ನೂ ರೊಟ್ಟಿಯ ಮೃದುತ್ವವನ್ನೂ ಅದು ನಿಯಂತ್ರಿಸುತ್ತದೆ. ಇದಲ್ಲದೆ ಫ್ರಕ್ಟಾನ್ ಎಂಬ ಇನ್ನೊಂದು ಕರಗುವ ದ್ರವ್ಯವೂ ಗೋಧಿಯಲ್ಲಿ ನೂರಕ್ಕೆ ಒಂದೆರಡು ಪಾಲಿನಷ್ಟಿದೆ.

ಕರಗುವ ಗೋಧಿ ನಾರು ಎಂಬ ಹೆಸರು ನ್ಯಾಯವಾಗಿ ಸಲ್ಲಬೇಕಾದದ್ದು ಕಾಳಿನಲ್ಲಿ ಸ್ವಭಾವತಃ ಇರುವ ಈ ದ್ರವ್ಯಗಳಿಗೆ. ಆದರೆ ಡಬ್ಬಿಗಳಲ್ಲಿ ಮಾರಾಟವಾಗುವ ಪುಡಿ ಸಾಮಾನ್ಯವಾಗಿ ಇವೆರಡೂ ಅಲ್ಲ. ಅದು ಗೋಧಿಯ ಪಿಷ್ಟದಿಂದ ಕಾರ್ಖಾನೆಯಲ್ಲಿ ತಯಾರಾದ ಡೆಕ್ಸ್‌ಟ್ರಿನ್. ಹೂವಿನೊಡನೆ ನಾರೂ ಸ್ವರ್ಗಕ್ಕೇರಿತೆಂಬ ಗಾದೆಯುಂಟು. ಇಲ್ಲಿ ನಾರೆನಿಸಿಕೊಂಡು ಮೇಲೇರಿದ್ದು ಪಿಷ್ಟ.

ಪಿಷ್ಟವು ನಾರಾಗುವ ಬಗೆ

ಗೋಧಿ ಹಲ್ವ ಮಾಡುವವರಿಗೆ ಈ ಪ್ರಕ್ರಿಯೆಯ ಮೊದಲ ಮೆಟ್ಟಿಲು ಪರಿಚಿತವಾದದ್ದೇ. ನೆನೆಸಿದ ಗೋಧಿಯನ್ನು ರುಬ್ಬಿ ಹಿಂಡಿದರೆ ಬಿಳಿಯ ಹಾಲು ಇಳಿಯುತ್ತದೆ. ಹಾಲನ್ನು ನಿಲ್ಲಲು ಬಿಟ್ಟರೆ ಪಿಷ್ಟ ತಳದಲ್ಲಿ ಕೂರುತ್ತದೆ. ಬೊಲೋನ್ಯಾದ ಬೆಕ್ಕಾರಿಯು ಗೋಧಿ ಹಿಟ್ಟಿನ ಕಣಕವನ್ನು ನೀರಿನಲ್ಲಿ ತೊಳೆದು ಪಿಷ್ಟ ಮತ್ತು ಅಂಟುಗಳನ್ನು ಬೇರ್ಪಡಿಸಿದ ವರದಿ 1745ರಲ್ಲಿ ಪ್ರಕಟವಾಯಿತು. ಇಂದಿನ ಪಿಷ್ಟದ ಕಾರ್ಖಾನೆಗಳೂ ತತ್ತ್ವತಃ ಇದನ್ನೇ ಮಾಡುತ್ತವೆ. ಅಂಟು ಅಥವಾ ಗ್ಲುಟೆನ್ ಒಂದು ಕಡೆಗೆ, ಪಿಷ್ಟ ಇನ್ನೊಂದು ಕಡೆಗೆ.

ಎರಡನೆಯ ಮೆಟ್ಟಿಲು ಹುರಿಯುವುದು. ಒಣ ಪಿಷ್ಟವನ್ನು ಕಾಯಿಸಿದರೆ ಅದು ಕಂದುಬಣ್ಣಕ್ಕೆ ತಿರುಗಿ ನೀರಿನಲ್ಲಿ ಕರಗುವ ಅಂಟಾಗುತ್ತದೆ ಎಂಬುದು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿಯೇ ತಿಳಿದಿತ್ತು. ಬಟ್ಟೆಯ ಗಿರಣಿಗಳಲ್ಲಿಯೂ ಕಾಗದ ಅಂಟಿಸುವಲ್ಲಿಯೂ ಅದು ‘ಬ್ರಿಟಿಷ್ ಗೋಂದು’ ಎಂಬ ಹೆಸರಿನಿಂದ ಬಳಕೆಗೆ ಬಂದಿತು. 1833ರಲ್ಲಿ ಫ್ರಾನ್ಸಿನ ಬಿಯೋ ಮತ್ತು ಪೆರ್ಸೋ ಈ ಬಗೆಯ ದ್ರವ್ಯಕ್ಕೆ ಡೆಕ್ಸ್‌ಟ್ರಿನ್ ಎಂದು ಹೆಸರಿಟ್ಟರು. ಪಿಷ್ಟಕ್ಕೆ ಅತ್ಯಲ್ಪ ಆಮ್ಲವನ್ನು ಸೇರಿಸಿ, ತೇವವನ್ನು ತೀರ ಕಡಿಮೆ ಮಾಡಿ ಹೆಚ್ಚಿನ ಉಷ್ಣತೆಯಲ್ಲಿ ಕಾಯಿಸಿದಾಗ ಎರಡು ಕ್ರಿಯೆಗಳು ನಡೆಯುತ್ತವೆ. ಗ್ಲೂಕೋಸ್ ಘಟಕಗಳ ಸರಪಳಿ ತುಂಡಾಗುತ್ತದೆ. ಹಾಗೆ ತುಂಡಾದ ಚೂರುಗಳು ಮತ್ತೆ ಬೇರೆ ಬೇರೆ ಸ್ಥಾನಗಳಲ್ಲಿ ಅಡ್ಡಾದಿಡ್ಡಿಯಾಗಿ ಕೂಡಿಕೊಳ್ಳುತ್ತವೆ. ನೀರಿನ ಅಭಾವವೇ ಈ ಮರುಜೋಡಣೆಗೆ ಕಾರಣ, ಏಕೆಂದರೆ ತುಂಡಾದ ಕೊನೆಗೆ ಅಂಟಿಕೊಳ್ಳಲು ನೀರಿನ ಅಣು ದೊರೆಯದೆ ಪಕ್ಕದ ಗ್ಲೂಕೋಸ್ ಘಟಕವೇ ದೊರೆಯುತ್ತದೆ. ಸಹಜ ಪಿಷ್ಟದಲ್ಲಿರುವುದು ಆಲ್ಫಾ 1,4 ಹಾಗೂ ಆಲ್ಫಾ 1,6 ಬಂಧಗಳು ಮಾತ್ರ. ಮರುಜೋಡಣೆಯಾದ ದ್ರವ್ಯದಲ್ಲಿ ಇವುಗಳ ಜೊತೆಗೆ 1,2 ಮತ್ತು 1,3 ಬಂಧಗಳೂ ಇರುತ್ತವೆ. ಮನುಷ್ಯನ ಜೊಲ್ಲಿನ, ಮೇದೋಜೀರಕದ, ಸಣ್ಣ ಕರುಳಿನ ಕಿಣ್ವಗಳಿಗೆ ಮೊದಲಿನ ಎರಡು ಬೀಗಗಳ ಕೀಲಿಕೈ ಇದೆ. ಹೊಸದಾಗಿ ಹುಟ್ಟಿದ ಬೀಗಗಳನ್ನು ತೆರೆಯಲು ಅವು ಹೆಚ್ಚಾಗಿ ಸಮರ್ಥವಲ್ಲ. ಬಳಿಕ ಕಿಣ್ವಗಳಿಂದ ಜೀರ್ಣವಾಗುವ ಅಂಶವನ್ನು ಇನ್ನಷ್ಟು ಒಡೆದು, ಸಣ್ಣ ಶರ್ಕರಗಳನ್ನು ಬೇರ್ಪಡಿಸಿ, ಬಣ್ಣ ತೆಗೆದು, ದ್ರಾವಣವನ್ನು ಸಿಂಪಡಿಸಿ ಒಣಗಿಸಿದರೆ ಬಿಳಿಯ ಪುಡಿ ಸಿದ್ಧವಾಗುತ್ತದೆ.

ಈ ತಂತ್ರವನ್ನು ಆಹಾರೋದ್ಯಮಕ್ಕೆ ಮೊದಲು ದೊಡ್ಡ ಪ್ರಮಾಣದಲ್ಲಿ ತಂದವರು ಜಪಾನೀಯರು. ಅವರದು ಮೆಕ್ಕೆಜೋಳದ ಪಿಷ್ಟ. ಮತ್ಸುತಾನಿ ಸಂಸ್ಥೆಯ ಫೈಬರ್‌ಸಾಲ್ ಇದಕ್ಕೆ ಪ್ರಸಿದ್ಧವಾದ ಉದಾಹರಣೆ. 1991ರಲ್ಲಿ ಜಪಾನ್ ಸರ್ಕಾರವು ವಿಶಿಷ್ಟ ಆರೋಗ್ಯಗುಣವುಳ್ಳ ಆಹಾರಗಳಿಗೆ ಪ್ರತ್ಯೇಕ ಮಾನ್ಯತೆಯ ವ್ಯವಸ್ಥೆಯನ್ನು ಮಾಡಿದಾಗ ಇಂತಹ ಡೆಕ್ಸ್‌ಟ್ರಿನ್ನುಗಳಿಗೆ ದೊಡ್ಡ ಮಾರುಕಟ್ಟೆ ದೊರೆಯಿತು. ಫ್ರಾನ್ಸಿನ ರೋಕೆಟ್ ಸಂಸ್ಥೆ ನ್ಯೂಟ್ರಿಯೋಸ್ ಎಂಬ ಹೆಸರಿನಿಂದ ಗೋಧಿ ಮತ್ತು ಮೆಕ್ಕೆಜೋಳ ಎರಡರ ಪಿಷ್ಟದಿಂದಲೂ ಇದನ್ನು ತಯಾರಿಸುತ್ತದೆ. ಪಿಷ್ಟದ ಮೂಲ ಯಾವುದಾದರೂ ಕೊನೆಯ ದ್ರವ್ಯದ ಗುಣದಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ ಎಂಬುದನ್ನು ಇದರಿಂದ ತಿಳಿಯಬಹುದು. ಅಂದ ಮೇಲೆ ಡಬ್ಬಿಯ ಮೇಲಿನ ಗೋಧಿಯ ತೆನೆ ದ್ರವ್ಯದ ಊರನ್ನು ಹೇಳುತ್ತದೆಯೇ ಹೊರತು ಗುಣವನ್ನಲ್ಲ.

ಇದಕ್ಕಿಂತ ಸೋಜಿಗದ ನಿದರ್ಶನ ಅಮೆರಿಕದ ಬೆನಿಫೈಬರ್ ಎಂಬ ಪುಡಿಯದು. ಮೊದಲಿಗೆ ಅದರಲ್ಲಿದ್ದದ್ದು ಭಾಗಶಃ ಒಡೆದ ಗ್ವಾರ್ ಗೋಂದು, ಅಂದರೆ ನಮ್ಮ ಗೋರಿಕಾಯಿಯ ಬೀಜದ ಅಂಟು. ಆ ಬೆಳೆಯಲ್ಲಿ ಜಗತ್ತಿಗೇ ಮುಂದಿರುವುದು ಭಾರತ, ಅದರಲ್ಲಿಯೂ ರಾಜಸ್ಥಾನ. 2000ರ ದಶಕದಲ್ಲಿ ಅದೇ ಹೆಸರಿನ ಡಬ್ಬಿಯೊಳಗೆ ಗೋಧಿ ಡೆಕ್ಸ್‌ಟ್ರಿನ್ ಬಂದಿತು. ಹೆಸರು ಉಳಿಯಿತು, ಒಳಗಿನ ವಸ್ತು ಬದಲಾಯಿತು. ಹೆಸರನ್ನೇ ನಂಬಿ ಹಿಂದಿನ ಅಧ್ಯಯನಗಳ ಫಲಿತಾಂಶವನ್ನು ಮುಂದಿನ ಪುಡಿಗೆ ಅನ್ವಯಿಸುವ ಸಂಶೋಧಕನು ಎಡವುವುದು ಖಂಡಿತ. ಈ ಬಗೆಯ ಉತ್ಪನ್ನಗಳ ಬಗ್ಗೆ ಬರೆಯುವಾಗ ವರ್ಷವನ್ನೂ ರಾಸಾಯನಿಕ ಹೆಸರನ್ನೂ ನಮೂದಿಸುವುದು ಅದಕ್ಕಾಗಿಯೇ ಅಗತ್ಯ.

ಕರುಳಿನಲ್ಲಿ

ಗೋಧಿ ಡೆಕ್ಸ್‌ಟ್ರಿನ್ ಸೇವಿಸಿದಾಗ ಅದರಲ್ಲಿ ನೂರಕ್ಕೆ ಸುಮಾರು 15 ಪಾಲು ಸಣ್ಣ ಕರುಳಿನಲ್ಲಿಯೇ ಜೀರ್ಣವಾಗುತ್ತದೆ. ಸುಮಾರು 75 ಪಾಲು ದೊಡ್ಡ ಕರುಳಿಗೆ ಇಳಿದು ಅಲ್ಲಿನ ಸೂಕ್ಷ್ಮಜೀವಿಗಳಿಂದ ನಿಧಾನವಾಗಿ ಹುದುಗುತ್ತದೆ. 10 ಪಾಲಿನಷ್ಟು ಹೊರಹೋಗುತ್ತದೆ. ಹುದುಗುವಿಕೆಯಿಂದ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಕಿರುಸರಪಳಿಯ ಮೇದಾಮ್ಲಗಳು ಹುಟ್ಟುತ್ತವೆ. ಇವುಗಳಲ್ಲಿ ಬ್ಯುಟಿರೇಟ್ ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಮುಖ್ಯ ಇಂಧನ. ಹೀಗಾಗಿ ನಾರು ಎಂದರೆ ಶಕ್ತಿಯಿಲ್ಲದ ವಸ್ತು ಎಂಬ ಭಾವನೆ ಸರಿಯಲ್ಲ. ಪಿಷ್ಟವು ಗ್ರಾಮಿಗೆ 4 ಕಿಲೋ ಕ್ಯಾಲರಿ ಕೊಟ್ಟರೆ ಇದು ಸುಮಾರು 2 ಕೊಡುತ್ತದೆ. ಹುದುಗುವಿಕೆ ನಿಧಾನವಾಗಿರುವುದರಿಂದ ಹೊಟ್ಟೆಯುಬ್ಬರ ಕಡಿಮೆ. ಆರೋಗ್ಯವಂತ ವಯಸ್ಕರು ದಿನಕ್ಕೆ 45 ಗ್ರಾಮಿನವರೆಗೆ ಹೆಚ್ಚಿನ ತೊಂದರೆಯಿಲ್ಲದೆ ಸಹಿಸಿಕೊಂಡದ್ದು ಯೂರೋಪಿನ ಪ್ರಯೋಗಗಳಲ್ಲಿ ಕಂಡುಬಂದಿದೆ. ಉಷ್ಣಕ್ಕೂ ಆಮ್ಲಕ್ಕೂ ಇದು ಸುಲಭವಾಗಿ ಕೆಡುವುದಿಲ್ಲ. ಆದ್ದರಿಂದಲೇ ಹಣ್ಣಿನ ಪಾನೀಯ, ಬಿಸ್ಕತ್ತು, ಪೌಷ್ಟಿಕ ಪುಡಿ ಎಲ್ಲದರಲ್ಲಿಯೂ ಇದನ್ನು ಬೆರೆಸಲು ಉದ್ಯಮಕ್ಕೆ ಅನುಕೂಲ. ಸಕ್ಕರೆಯನ್ನು ತೆಗೆದ ಬಿಸ್ಕತ್ತಿನಲ್ಲಿ ಸಕ್ಕರೆಯ ಗಾತ್ರವನ್ನು ತುಂಬಿಕೊಡುವ ಕೆಲಸವನ್ನೂ ಇದು ಮಾಡುತ್ತದೆ.

ಇಷ್ಟು ಗುಣಗಳನ್ನು ಒಪ್ಪಿದ ಮೇಲೆ ಇದಕ್ಕೆ ಇಲ್ಲದ ಗುಣವನ್ನೂ ಹೇಳಬೇಕು. ಕರಗುವ ನಾರು ರಕ್ತದ ಕೊಲೆಸ್ಟರಾಲನ್ನು ತಗ್ಗಿಸುತ್ತದೆ ಎಂಬ ವಾಕ್ಯ ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿದೆ. ಆದರೆ ಆ ಗುಣ ಸಾಬೀತಾಗಿರುವುದು ಕರಗಿ ಸ್ನಿಗ್ಧವಾದ ಲೋಳೆಯಾಗುವ ನಾರುಗಳಿಗೆ. ಓಟ್ಸಿನ ಬೀಟಾ ಗ್ಲೂಕಾನಿಗೆ 1997ರಲ್ಲಿ, ಇಸಬ್‌ಗೋಲಿಗೆ 1998ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಹೃದಯಾರೋಗ್ಯದ ಹೇಳಿಕೆಯನ್ನು ಅನುಮತಿಸಿತು. ಕರುಳಿನಲ್ಲಿ ಪಿತ್ತರಸದ ಆಮ್ಲಗಳನ್ನು ಲೋಳೆಯು ಹಿಡಿದು ಹೊರಗೊಯ್ಯುವುದು, ಯಕೃತ್ತು ಅವನ್ನು ಮತ್ತೆ ತಯಾರಿಸಲು ಕೊಲೆಸ್ಟರಾಲನ್ನು ವ್ಯಯಿಸುವುದು ಇದರ ಹಿಂದಿನ ಕಾರಣವೆಂದು ವಿವರಿಸಲಾಗಿದೆ. ಲೋಟದ ನೀರನ್ನೇ ಮಂದಗೊಳಿಸದ ಡೆಕ್ಸ್‌ಟ್ರಿನ್ನಿನಿಂದ ಈ ಕೆಲಸವನ್ನು ನಿರೀಕ್ಷಿಸಲು ಅದೇ ಆಧಾರ ಸಾಲದು. ಲೇಖನದ ಆರಂಭದಲ್ಲಿ ಹೇಳಿದ ಲೋಟದ ಪ್ರಯೋಗ ಹುಡುಗಾಟದಂತೆ ತೋರಿದರೂ ಈ ಭೇದವನ್ನು ಅದಕ್ಕಿಂತ ಸುಲಭವಾಗಿ ತೋರಿಸಲು ಬರುವುದಿಲ್ಲ.

ಮಧುಮೇಹದ ವಿಷಯದಲ್ಲಿಯೂ ಎಚ್ಚರ ಅಗತ್ಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ರಾಷ್ಟ್ರವ್ಯಾಪಿ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ ದೇಶದ ವಯಸ್ಕರಲ್ಲಿ ನೂರಕ್ಕೆ 11.4 ಮಂದಿಗೆ ಮಧುಮೇಹವಿರುವುದು ತಿಳಿದುಬಂದಿತು. ಇಂತಹ ಸಮಾಜದಲ್ಲಿ ‘ನಾರು’ ಎಂಬ ಪದಕ್ಕೆ ಮಾರಾಟದ ಬಲ ಬರುವುದು ಆಶ್ಚರ್ಯವಲ್ಲ. ಸಕ್ಕರೆಯ ಅಥವಾ ಪಿಷ್ಟದ ಬದಲಿಗೆ ಡೆಕ್ಸ್‌ಟ್ರಿನ್ ಬಳಸಿದಾಗ ಊಟದ ಅನಂತರದ ಗ್ಲೂಕೋಸ್ ಕಡಿಮೆ ಏರುವುದು ನಿಜ, ಏಕೆಂದರೆ ಜೀರ್ಣವಾಗುವ ವಸ್ತುವೇ ಕಡಿಮೆಯಾಗಿರುತ್ತದೆ. ಎಂದಿನಂತೆಯೇ ಉಂಡು ಅದರ ಮೇಲೆ ಒಂದು ಚಮಚೆ ಪುಡಿಯನ್ನು ಕುಡಿದರೆ ಅದೇ ಫಲ ಸಿಗುವುದೆಂದು ಭಾವಿಸುವುದು ಬೇರೆಯ ಮಾತು. ಗೋಧಿಯ ತಿರುಳಿನ ಅರಾಬಿನೋಕ್ಸೈಲಾನಿಗೆ ಯೂರೋಪಿನ ಪ್ರಾಧಿಕಾರ 2011ರಲ್ಲಿ ಇಂಥದೊಂದು ಹೇಳಿಕೆಯನ್ನು ಒಪ್ಪಿತು. ಆದರೆ ಷರತ್ತನ್ನು ನೋಡಬೇಕು. ಊಟದಲ್ಲಿನ ಪ್ರತಿ 100 ಗ್ರಾಂ ಜೀರ್ಣಯೋಗ್ಯ ಶರ್ಕರಪಿಷ್ಟಕ್ಕೆ ಅರಾಬಿನೋಕ್ಸೈಲಾನ್ ಸಮೃದ್ಧವಾದ ನಾರು 8 ಗ್ರಾಂ ಇರಬೇಕು. ಹೀಗೆ ಬೂಸಾಕ್ಕೆ ಒಂದು ಗುಣ, ಅರಾಬಿನೋಕ್ಸೈಲಾನಿಗೆ ಇನ್ನೊಂದು, ಡೆಕ್ಸ್‌ಟ್ರಿನ್ನಿಗೆ ಮತ್ತೊಂದು. ಮೂರನ್ನೂ ಗೋಧಿ ನಾರು ಎಂದು ಕರೆದಾಗ ಒಂದರ ಕೀರ್ತಿ ಇನ್ನೊಂದಕ್ಕೆ ಸದ್ದಿಲ್ಲದೆ ವರ್ಗವಾಗುತ್ತದೆ.

ಅಳತೆ ಮತ್ತು ಕಾನೂನು

1985ರಿಂದ ಪ್ರಯೋಗಾಲಯಗಳಲ್ಲಿ ರೂಢಿಯಾದ ಪ್ರಾಸ್ಕಿ ವಿಧಾನದಲ್ಲಿ ಕರಗುವ ನಾರನ್ನು ಮದ್ಯಸಾರ ಬೆರೆಸಿ ಗಟ್ಟಿಯಾಗಿಸಿ ಸೋಸಿ ತೂಗುತ್ತಾರೆ. ಡೆಕ್ಸ್‌ಟ್ರಿನ್ನಿನ ಅಣುಗಳು ಚಿಕ್ಕವು. ಅವು ಮದ್ಯಸಾರದಲ್ಲಿಯೂ ಕರಗಿಯೇ ಉಳಿದು ಸೋಸುಕದಿಂದ ಜಾರಿಹೋಗುತ್ತವೆ. ಹಾಗಾಗಿ ಆ ಅಳತೆಯ ಪ್ರಕಾರ ಇದರಲ್ಲಿ ಬಹುಭಾಗ ನಾರೇ ಅಲ್ಲ! ಸೋಸಿದ ದ್ರವವನ್ನು ದ್ರವವರ್ಣರೇಖನದಿಂದ ಪರೀಕ್ಷಿಸುವ 2001.03, 2009.01 ಎಂಬ ಸಂಖ್ಯೆಗಳ ಅಧಿಕೃತ ವಿಧಾನಗಳು ಬಂದ ಮೇಲೆಯೇ ಈ ದ್ರವ್ಯಕ್ಕೆ ಲೆಕ್ಕದಲ್ಲಿ ಸ್ಥಾನ ದೊರೆತದ್ದು. ನಮ್ಮ ಪ್ರಯೋಗಾಲಯಗಳು ಹಳೆಯ ವಿಧಾನದಿಂದ ಇಂತಹ ಉತ್ಪನ್ನವನ್ನು ಪರೀಕ್ಷಿಸಿ ತಯಾರಕನನ್ನು ಸುಳ್ಳುಗಾರನೆಂದು ಕರೆದರೆ ಅದು ಅನ್ಯಾಯವಾದೀತು. ಯಾವ ವಿಧಾನವೆಂದು ಹೇಳದೆ ನಾರಿನ ಅಂಕಿಯನ್ನಷ್ಟೇ ಮುದ್ರಿಸುವುದೂ ಸರಿಯಲ್ಲ.

2009ರಲ್ಲಿ ಕೋಡೆಕ್ಸ್ ಆಯೋಗವು ಅಂತರರಾಷ್ಟ್ರೀಯ ಲಕ್ಷಣವನ್ನು ನಿಗದಿ ಮಾಡಿತು. ಹತ್ತು ಅಥವಾ ಹೆಚ್ಚು ಶರ್ಕರ ಘಟಕಗಳುಳ್ಳ, ಮನುಷ್ಯನ ಸಣ್ಣ ಕರುಳಿನಲ್ಲಿ ಜೀರ್ಣವಾಗದ ಬಹುಶರ್ಕರಗಳು ಆಹಾರದ ನಾರು. ಮೂರರಿಂದ ಒಂಬತ್ತು ಘಟಕಗಳವನ್ನು ಸೇರಿಸುವುದು ಆಯಾ ದೇಶಕ್ಕೆ ಬಿಟ್ಟದ್ದು. ಆಹಾರದಲ್ಲಿ ಸಹಜವಾಗಿರುವ ನಾರಿಗೆ ಬೇರೆ ಪರೀಕ್ಷೆ ಬೇಕಿಲ್ಲ. ಬೇರ್ಪಡಿಸಿದ ಅಥವಾ ಕೃತಕವಾಗಿ ತಯಾರಿಸಿದ ನಾರಾದರೆ ದೇಹಕ್ಕೆ ಹಿತವಾದ ಪರಿಣಾಮವಿದೆಯೆಂದು ಪುರಾವೆಯೊಡನೆ ತೋರಿಸಬೇಕು. ಅಮೆರಿಕವು 2016ರಲ್ಲಿ ಇದೇ ಮಾರ್ಗವನ್ನು ಹಿಡಿದು ಮೊದಲಿಗೆ ಏಳು ಬೇರ್ಪಡಿಸಿದ ನಾರುಗಳನ್ನು ಮಾತ್ರ ಒಪ್ಪಿತು. ಡೆಕ್ಸ್‌ಟ್ರಿನ್ ಆ ಪಟ್ಟಿಯಲ್ಲಿರಲಿಲ್ಲ. 2018ರ ಜೂನ್‌ನಲ್ಲಿ ಒಪ್ಪಿದ ಇನ್ನೆಂಟರಲ್ಲಿ ಜೀರ್ಣನಿರೋಧಕ ಡೆಕ್ಸ್‌ಟ್ರಿನ್ನೂ ಅರಾಬಿನೋಕ್ಸೈಲಾನೂ ಸೇರಿದವು. ಟ್ರೊವೆಲ್‌ರ 1972ರ ಲಕ್ಷಣದಿಂದ ಇಲ್ಲಿಯವರೆಗಿನ ದಾರಿ ನಲವತ್ತಾರು ವರ್ಷಗಳದು.

ಭಾರತದಲ್ಲಿ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಅಡಿಯಲ್ಲಿ ಆರೋಗ್ಯ ಪೂರಕಗಳ ನಿಯಮಗಳು 2016ರಲ್ಲಿ, ಜಾಹೀರಾತು ಮತ್ತು ಹೇಳಿಕೆಗಳ ನಿಯಮಗಳು 2018ರಲ್ಲಿ ಬಂದವು. ಘನಾಹಾರದ 100 ಗ್ರಾಮಿಗೆ 3 ಗ್ರಾಂ ನಾರಿದ್ದರೆ ಅದನ್ನು ನಾರಿನ ಆಕರವೆಂದೂ 6 ಗ್ರಾಂ ಇದ್ದರೆ ನಾರು ಅಧಿಕವಾಗಿರುವುದೆಂದೂ ಕರೆಯಬಹುದು. ಇದರ ಪರಿಣಾಮವನ್ನು ಯೋಚಿಸಬೇಕು. ಮೈದಾ ಬಿಸ್ಕತ್ತಿಗೆ ಸಾಕಷ್ಟು ಡೆಕ್ಸ್‌ಟ್ರಿನ್ ಸೇರಿಸಿದರೆ ಅದೂ ನಾರು ಅಧಿಕವಾದ ಆಹಾರವೆಂದು ಕರೆಸಿಕೊಳ್ಳಬಲ್ಲದು, ಬೂಸಾ ಸಮೇತ ಬೀಸಿದ ಹಿಟ್ಟಿನ ಚಪಾತಿಯ ಪಕ್ಕದಲ್ಲಿ ನಿಲ್ಲಬಲ್ಲದು. ಆದರೆ ಹಿಟ್ಟಿನ ಬೂಸಾ ಒಂಟಿಯಾಗಿ ಬರುವುದಿಲ್ಲ; ಕಬ್ಬಿಣ, ಸತು, ಮೆಗ್ನೀಸಿಯಂ, ಬಿ ಗುಂಪಿನ ಜೀವಸತ್ತ್ವಗಳು, ಫೆರುಲಿಕ್ ಆಮ್ಲ ಇವುಗಳೊಡನೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರನ್ನು ಶಿಫಾರಸು ಮಾಡಿದಾಗ ಆಹಾರದಲ್ಲಿ ಸಹಜವಾಗಿ ದೊರೆಯುವ ನಾರು ಎಂದು ಸ್ಪಷ್ಟವಾಗಿಯೇ ಬರೆಯಿತು. ಹೃದ್ರೋಗ, ಮಧುಮೇಹ, ಕರುಳಿನ ಕ್ಯಾನ್ಸರುಗಳ ಇಳಿಕೆಯನ್ನು ತೋರಿಸಿದ ದೀರ್ಘಕಾಲದ ಅಧ್ಯಯನಗಳು ಇಡಿಯಾದ ಆಹಾರವನ್ನು ತಿಂದವರ ಮೇಲೆ ನಡೆದವು, ಪುಡಿ ಕುಡಿದವರ ಮೇಲಲ್ಲ.

ಗ್ಲುಟೆನ್ನಿನ ಪ್ರಶ್ನೆಯನ್ನು ಇಲ್ಲಿಯೇ ಮುಗಿಸಬಹುದು. ಪಿಷ್ಟವನ್ನು ಶುದ್ಧೀಕರಿಸಿದ ಮೇಲೆ ಗೋಧಿ ಡೆಕ್ಸ್‌ಟ್ರಿನ್ನಿನಲ್ಲಿ ಗ್ಲುಟೆನ್ ಅತ್ಯಲ್ಪ ಪ್ರಮಾಣದಲ್ಲಿ ಉಳಿಯುತ್ತದೆ. ಕಿಲೋಗ್ರಾಮಿಗೆ 20 ಮಿಲಿಗ್ರಾಮಿಗಿಂತ ಹೆಚ್ಚಿಲ್ಲದಿದ್ದರೆ ಗ್ಲುಟೆನ್‌ರಹಿತ ಎನ್ನಲು ಅಡ್ಡಿಯಿಲ್ಲ. 2016ರಲ್ಲಿ ಪ್ರಕಟವಾದ ಬಹುಕೇಂದ್ರ ಅಧ್ಯಯನದಲ್ಲಿ ಸೀಲಿಯಾಕ್ ರೋಗವು ಉತ್ತರ ಭಾರತದಲ್ಲಿ ನೂರಕ್ಕೆ 1.23ರಷ್ಟು, ದಕ್ಷಿಣದಲ್ಲಿ 0.10ರಷ್ಟು ಮಂದಿಗೆ ಇರುವುದು ಕಂಡಿತು. ದೇಶದ ಎಲ್ಲ ಭಾಗಗಳಿಂದ ಜನರು ಬಂದು ನೆಲೆಸಿರುವ ಹೆಬ್ಬಾಳ, ಯಲಹಂಕದಂತಹ ಬಡಾವಣೆಗಳಲ್ಲಿ ದಕ್ಷಿಣದ ಅಂಕಿಯನ್ನು ನಂಬಿ ಅಂಗಡಿಯವರು ನಿಶ್ಚಿಂತರಾಗಿರುವಂತಿಲ್ಲ. ಆ ರೋಗವುಳ್ಳವರು ನೋಡಬೇಕಾದದ್ದು ‘ಗೋಧಿ’ ಎಂಬ ಪದದ ಜೊತೆಗೆ ಈ ಪ್ರಮಾಣವನ್ನೂ.

ಮೈಸೂರು ಮತ್ತು ಧಾರವಾಡ

ಗೋಧಿಯ ಸಹಜ ಕರಗುವ ನಾರಿನ ಕುರಿತು ಕರ್ನಾಟಕದಲ್ಲಿ ಗಣನೀಯವಾದ ಕೆಲಸ ನಡೆದಿದೆ. 1950ರ ಅಕ್ಟೋಬರ್ 21ರಂದು ಮೈಸೂರಿನ ಚೆಲುವಾಂಬಾ ಮಹಲಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯಲ್ಲಿ ಸಿ. ಡಿ. ನಂದಿನಿ ಮತ್ತು ಪಿ. ವಿ. ಸಾಲಿಮಠ ಅವರು ಒಳ್ಳೆಯ ಚಪಾತಿ, ರೊಟ್ಟಿಗಳನ್ನು ಕೊಡುವ ಗೋಧಿ, ಜೋಳ, ಸಜ್ಜೆಗಳ ಶರ್ಕರ ಸಂಯೋಜನೆಯನ್ನು ಪರಿಶೀಲಿಸಿ 2001ರಲ್ಲಿ ಪ್ರಕಟಿಸಿದರು. ಪಾಶ್ಚಾತ್ಯ ವಿದ್ವಾಂಸರು ಅರಾಬಿನೋಕ್ಸೈಲಾನನ್ನು ಬ್ರೆಡ್ಡಿನ ದೃಷ್ಟಿಯಿಂದ ನೋಡಿದ್ದರು. ಮೈಸೂರಿನಲ್ಲಿ ಅದನ್ನು ಚಪಾತಿಯ ದೃಷ್ಟಿಯಿಂದ ನೋಡಿದರು. ಇದು ಸಣ್ಣ ವ್ಯತ್ಯಾಸವಲ್ಲ. ಉಬ್ಬಬೇಕಾದ ಬ್ರೆಡ್ಡಿಗೆ ಬೇಕಾದ ಹಿಟ್ಟೇ ಬೇರೆ, ಲಟ್ಟಿಸಿ ಕಾವಲಿಯಲ್ಲಿ ಬೇಯಿಸಿ ಗಂಟೆಗಳ ಅನಂತರವೂ ಮೃದುವಾಗಿರಬೇಕಾದ ಚಪಾತಿಯ ಹಿಟ್ಟೇ ಬೇರೆ. ಅದೇ ಸಂಸ್ಥೆಯಲ್ಲಿ ಜಿ. ಮುರಳಿಕೃಷ್ಣ ಮತ್ತು ಸಂಗಡಿಗರು ಅಕ್ಕಿ ಹಾಗೂ ರಾಗಿಗಳಲ್ಲಿನ ಕರಗುವ ಅರಾಬಿನೋಕ್ಸೈಲಾನಿಗೆ ಫೆರುಲಿಕ್ ಆಮ್ಲ ಅಂಟಿಕೊಂಡಿರುವ ಬಗೆಯನ್ನೂ, ಧಾನ್ಯವನ್ನು ಮೊಳಕೆ ಬರಿಸಿದಾಗ ಅದರಲ್ಲಾಗುವ ಬದಲಾವಣೆ ಹಾಗೂ ಉತ್ಕರ್ಷಣ ನಿರೋಧಕ ಗುಣವನ್ನೂ ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿದರು. ಮೊಳಕೆ ರಾಗಿಯ ಸರಿಯನ್ನು ಕೂಸುಗಳಿಗೆ ಉಣಿಸುತ್ತ ಬಂದ ಹಳೆಯ ಮೈಸೂರಿನ ಮನೆಗಳಿಗೆ ಈ ಸಂಶೋಧನೆ ನೇರವಾಗಿ ಸಂಬಂಧಿಸಿದ್ದು.

ಉತ್ತರ ಕರ್ನಾಟಕದ ಕಥೆ ಧಾನ್ಯದ್ದೇ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಭಾಗಗಳಲ್ಲಿ ಹಿಂಗಾರಿನಲ್ಲಿ ಬೆಳೆಯುವ ಸಿಪ್ಪೆಗೋಧಿಯನ್ನು ಜವೆ ಗೋಧಿ, ಸದಕ, ಖಪಲಿ ಎಂಬ ಹೆಸರುಗಳಿಂದ ಕರೆಯುತ್ತಾರೆ. ಶಾಸ್ತ್ರೀಯವಾಗಿ ಇದು ಡೈಕಾಕಮ್ ಜಾತಿ. ತೆನೆ ಬಡಿದರೂ ಕಾಳು ಸಿಪ್ಪೆಯನ್ನು ಬಿಡುವುದಿಲ್ಲವಾದ್ದರಿಂದ ಬೇರೆಯಾಗಿ ಕುಟ್ಟಿಸಬೇಕು. ಹುಗ್ಗಿ, ಮಾದ್ಲಿ, ಶಾವಿಗೆಗಳಿಗೆ ಇದಕ್ಕೆ ಸಮನಾದದ್ದಿಲ್ಲವೆಂಬುದು ಆ ಭಾಗದ ಗೃಹಿಣಿಯರ ಮತ. 1986ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಿಂದ ಬೇರೆಯಾಗಿ ಸ್ಥಾಪಿತವಾದ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವು ಡಿಡಿಕೆ 1001, 1009, 1025, 1029 ಮೊದಲಾದ ಗಿಡ್ಡ ತಳಿಗಳನ್ನು ನೀಡಿ, ಎತ್ತರವಾಗಿ ಬೆಳೆದು ಬಾಗಿ ಬೀಳುತ್ತಿದ್ದ ಈ ಬೆಳೆಯನ್ನು ಉಳಿಸಿತು. ಅಲ್ಲಿನ ಗೃಹವಿಜ್ಞಾನಿ ನಿರ್ಮಲಾ ಯೆಣಗಿ, ತಳಿವಿಜ್ಞಾನಿ ಆರ್. ಆರ್. ಹಂಚಿನಾಳ ಮತ್ತು ಸಂಗಡಿಗರು ಮಧುಮೇಹಿಗಳ ಆಹಾರದಲ್ಲಿ ಜವೆ ಗೋಧಿಯನ್ನು ಬಳಸಿ ರಕ್ತದ ಗ್ಲೂಕೋಸ್ ಮತ್ತು ಮೇದಸ್ಸಿನ ಮೇಲಿನ ಪರಿಣಾಮವನ್ನು ಪರಿಶೀಲಿಸಿ 2001ರಲ್ಲಿ ಪ್ರಕಟಿಸಿದರು. ಇಡಿಯಾದ ಧಾನ್ಯವನ್ನು, ಇಡಿಯಾದ ಅಡುಗೆಯಲ್ಲಿ, ರೋಗಿಗಳ ಮೇಲೆಯೇ ಪರೀಕ್ಷಿಸಿದ ಇಂತಹ ಕೆಲಸ ಈ ಕ್ಷೇತ್ರದಲ್ಲಿ ಹೆಚ್ಚಾಗಬೇಕಾಗಿದೆ.

ಅಂಕಿಗಳನ್ನು ಪಕ್ಷಪಾತವಿಲ್ಲದೆ ನೋಡಬೇಕಾದರೆ ಇನ್ನೊಂದು ಮಾತನ್ನೂ ಹೇಳಬೇಕು. ಗೋಧಿ ಹಿಟ್ಟಾಗಲಿ ರಾಗಿಯಾಗಲಿ 100 ಗ್ರಾಮಿನಲ್ಲಿ ಕೊಡುವ ಕರಗುವ ನಾರು ಒಂದೂವರೆ ಗ್ರಾಮಿನಿಂದ ಸ್ವಲ್ಪ ಹೆಚ್ಚು ಮಾತ್ರ, ಉಳಿದದ್ದೆಲ್ಲ ಕರಗದ್ದು. ಬೇಳೆಕಾಳು, ತರಕಾರಿ, ಹಣ್ಣುಗಳಿಲ್ಲದೆ ಬರಿಯ ಮುದ್ದೆ ಅಥವಾ ಚಪಾತಿಯಿಂದ ಕರಗುವ ನಾರಿನ ಅಗತ್ಯ ಪೂರೈಸುವುದಿಲ್ಲ. ಹಲ್ಲಿಲ್ಲದ ವೃದ್ಧರು, ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿರುವವರು, ನಳಿಕೆಯ ಮೂಲಕ ಆಹಾರ ಪಡೆಯುವವರು ಇವರಿಗೆ ನೀರಿನಲ್ಲಿ ಕಾಣದಂತೆ ಕರಗುವ ಡೆಕ್ಸ್‌ಟ್ರಿನ್ ವೈದ್ಯರ ಸಲಹೆಯ ಮೇರೆಗೆ ಉಪಯುಕ್ತವಾಗಬಲ್ಲದು; ನಳಿಕೆಯಲ್ಲಿ ಲೋಳೆ ಕಟ್ಟಿಕೊಳ್ಳುವ ಭಯ ಅದರಲ್ಲಿಲ್ಲ. ಅನ್ಯರಿಗೆ ಲೆಕ್ಕ ಬೇರೆ. ಇಂತಹ ಪುಡಿಯ ಒಂದು ಪ್ರಮಾಣ ಸಾಮಾನ್ಯವಾಗಿ 3 ಗ್ರಾಂ ನಾರನ್ನು ಕೊಡುತ್ತದೆ. 30 ಗ್ರಾಂ ರಾಗಿ ಹಿಟ್ಟಿನಲ್ಲಿ ಒಟ್ಟು ನಾರು ಅದಕ್ಕಿಂತ ತುಸು ಹೆಚ್ಚೇ ಇದೆ, ಬಗೆ ಬೇರೆಯಾದರೂ.

ಸಂಜಯನಗರಕ್ಕೆ ಕೂಗಳತೆಯಲ್ಲಿರುವ ಹೆಬ್ಬಾಳದಲ್ಲಿ 1899ರಲ್ಲಿ ಮೈಸೂರು ಸಂಸ್ಥಾನದ ಪ್ರಾಯೋಗಿಕ ಕೃಷಿ ಕ್ಷೇತ್ರಕ್ಕೆ ನೆಲ ದೊರೆಯಿತು. 1913ರಲ್ಲಿ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ ಕೃಷಿ ಶಾಲೆ ಆರಂಭವಾಯಿತು. ಇಂದು ಅದೇ ಆವರಣದಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಬೇಕರಿ ತರಬೇತಿ ಘಟಕವಿದ್ದು, ನಗರದ ಅನೇಕ ಸಣ್ಣ ಬೇಕರಿಗಳವರು ಅಲ್ಲಿ ಕಲಿತವರು. ನಾರು ಸೇರಿಸಿದ ಬ್ರೆಡ್ಡು, ಬಿಸ್ಕತ್ತುಗಳ ಚೀಟಿಯ ಮೇಲೆ ಏನನ್ನು ಬರೆಯಬೇಕೆಂಬ ಪಾಠವೂ ಅಂತಹ ಕಡೆಯಿಂದಲೇ ಹೊರಡಬಹುದು. ಕನ್ನಡದಲ್ಲಿ ಇದಕ್ಕೆ ಮೂರು ಬೇರೆ ಹೆಸರುಗಳನ್ನು ರೂಢಿಗೆ ತರಬೇಕೆಂಬುದು ಈ ಲೇಖಕನ ಸೂಚನೆ: ಹೊರಪದರದ್ದಕ್ಕೆ ‘ಗೋಧಿ ಬೂಸಾ ನಾರು’, ತಿರುಳಿನ ಕೋಶಭಿತ್ತಿಯದಕ್ಕೆ ‘ಗೋಧಿ ಅರಾಬಿನೋಕ್ಸೈಲಾನ್’, ಕಾರ್ಖಾನೆಯ ಬಿಳಿಯ ಪುಡಿಗೆ ‘ಗೋಧಿ ಪಿಷ್ಟದ ಡೆಕ್ಸ್‌ಟ್ರಿನ್’. ಮೂರನೆಯದರಲ್ಲಿ ‘ಪಿಷ್ಟದ’ ಎಂಬ ಪದವನ್ನು ಬಿಡಬಾರದು.